ಗೃಹಬಳಕೆಯ ವಿದ್ಯುತ್ತಿಗೆ ಸರ್ಕಾರದ ಸಹಾಯ: ಯಾರಿಗೆ, ಎಷ್ಟು, ಯಾವ ಷರತ್ತಿನ ಮೇಲೆ

ಮನೆಯ ದೀಪಕ್ಕೂ ಯಂತ್ರಗಳಿಗೂ ತಗಲುವ ವಿದ್ಯುತ್ತಿನ ವೆಚ್ಚವು ಈಗ ಗ್ರಾಮಸ್ಥರ ಆಯವ್ಯಯದಲ್ಲಿಯೂ ಒಂದು ಮುಖ್ಯವಾದ ಬಾಬ್ತಾಗಿದೆ. ಈ ಭಾರವನ್ನು ಇಳಿಸುವುದಕ್ಕಾಗಿ ಕರ್ನಾಟಕ ಸರ್ಕಾರದವರು ೨೦೨೩ನೆಯ ಇಸವಿಯಲ್ಲಿ ಗೃಹಜ್ಯೋತಿ ಎಂಬ ಯೋಜನೆಯನ್ನು ಆಚರಣೆಗೆ ತಂದರು. "ತಿಂಗಳಿಗೆ ೨೦೦ ಯೂನಿಟ್ಟು ಉಚಿತ" ಎಂಬ ಮಾತು ಅಂದಿನಿಂದ ಊರೂರಿಗೂ ತಲುಪಿದೆ. ಆದರೆ ಆ ಮಾತಿನ ಜೊತೆಯಲ್ಲಿಯೇ ಇರುವ ಷರತ್ತುಗಳು ಅಷ್ಟೇ ದೂರ ತಲುಪಿಲ್ಲ. ಇದರಿಂದ, ಅರ್ಹರಾದ ಕೆಲವರು ಅರ್ಜಿಯನ್ನೇ ಹಾಕದೆ ಉಳಿಯುವುದೂ, ಸಹಾಯವನ್ನು ಪಡೆಯುತ್ತಿರುವ ಕೆಲವರು ತಿಳಿಯದೆ ಒಂದು ತಿಂಗಳ ಸಹಾಯವನ್ನೆಲ್ಲ ಕಳೆದುಕೊಳ್ಳುವುದೂ ಉಂಟು. ಈ ನಿಯಮಗಳನ್ನು ಕ್ರಮವಾಗಿ ವಿವರಿಸುವುದೇ ಈ ಲೇಖನದ ಉದ್ದೇಶ.

ಇದು ಕೇವಲ ಪಟ್ಟಣದವರ ವಿಷಯವೆಂದು ಗ್ರಾಮದ ಮುಖಂಡರೂ ಭೂಮಾಲೀಕರೂ ಭಾವಿಸಬಾರದು. ಹಿಡುವಳಿದಾರರಲ್ಲಿ ಅನೇಕರಿಗೆ ಊರಿನಲ್ಲಿ ವಂಶದ ಮನೆಯೂ ಬೆಂಗಳೂರಿನಲ್ಲಿ ಬಾಡಿಗೆಗೆ ಕೊಟ್ಟ ಮನೆಯೂ ಇರುತ್ತವೆ. ಮನೆಯಿಲ್ಲದವರ ಮಕ್ಕಳಾದರೂ ವಿದ್ಯಾಭ್ಯಾಸಕ್ಕೋ ಉದ್ಯೋಗಕ್ಕೋ ಅಲ್ಲಿಗೆ ಹೋಗಿ ಬಾಡಿಗೆಯ ಮನೆಯಲ್ಲಿ ವಾಸಮಾಡುತ್ತಿರುತ್ತಾರೆ. ಆದುದರಿಂದ ಮಾಲೀಕನ ಕಡೆಯ ನಿಯಮವನ್ನೂ ಬಾಡಿಗೆದಾರನ ಕಡೆಯ ನಿಯಮವನ್ನೂ ಒಟ್ಟಿಗೆ ತಿಳಿಯುವುದು ಅವಶ್ಯಕ. ಬೆಂಗಳೂರಿನ ದಕ್ಷಿಣ ಭಾಗದಲ್ಲಿ ಹನುಮಂತನಗರದ ನೆರೆಯಲ್ಲಿರುವ ಶ್ರೀನಗರವು ಇಂಥ ಮನೆಗಳಿಂದ ತುಂಬಿದ ಬಡಾವಣೆ. ಈ ಲೇಖನದಲ್ಲಿ ದೃಷ್ಟಾಂತಕ್ಕೆ ಅಲ್ಲಿಯ ಮನೆಗಳ ಮಾದರಿಯನ್ನೇ ತೆಗೆದುಕೊಂಡಿದೆ.

೧. ಯೋಜನೆಯ ಹಿನ್ನೆಲೆ

ವಿದ್ಯುತ್ತು ಈ ನಾಡಿಗೆ ಹೊಸದಲ್ಲ. ೧೯೦೨ನೆಯ ಇಸವಿಯಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುತ್ತು ಹರಿಯಿತು. ೧೯೦೫ರಲ್ಲಿ ಬೆಂಗಳೂರಿನ ಬೀದಿಗಳಲ್ಲಿ ವಿದ್ಯುದ್ದೀಪಗಳು ಬೆಳಗಿದುವು. ಅನಂತರದ ಕಾಲದಲ್ಲಿ ಬಡವರ ಮನೆಗಳಿಗೂ ಬೆಳಕು ಸಿಕ್ಕಬೇಕೆಂಬ ಉದ್ದೇಶದಿಂದ ಭಾಗ್ಯಜ್ಯೋತಿ, ಕುಟೀರಜ್ಯೋತಿ, ಅಮೃತಜ್ಯೋತಿ ಮುಂತಾದ ಯೋಜನೆಗಳು ಬಂದುವು. ಇವುಗಳೆಲ್ಲವೂ ಗೊತ್ತಾದ ವರ್ಗದ ಬಡ ಕುಟುಂಬಗಳಿಗೆ ಮಾತ್ರ ಸೇರಿದುವಾಗಿದ್ದುವು.

೨೦೨೩ನೆಯ ಇಸವಿ ಜೂನ್ ೫ನೆಯ ತಾರೀಖಿನಲ್ಲಿ ಇಂಧನ ಇಲಾಖೆಯವರು ಹೊರಡಿಸಿದ ಆದೇಶದ ಮೂಲಕ ಗೃಹಜ್ಯೋತಿಯು ಸ್ಥಾಪಿತವಾಯಿತು. ಹಿಂದಿನ ಮೂರು ಯೋಜನೆಗಳ ಫಲಾನುಭವಿಗಳನ್ನೂ ಇದರಲ್ಲಿಯೇ ಸೇರಿಸಲಾಯಿತು. ಜೂನ್ ೧೮ರಿಂದ ಅರ್ಜಿಗಳನ್ನು ತೆಗೆದುಕೊಳ್ಳಲು ಆರಂಭವಾಯಿತು. ಜುಲೈ ತಿಂಗಳ ಬಳಕೆಗೆ ಆಗಸ್ಟ್ ತಿಂಗಳಲ್ಲಿ ಕೊಟ್ಟ ಬಿಲ್ಲಿನಿಂದ ಸಹಾಯವು ಜಾರಿಗೆ ಬಂದಿತು. ಆಗಸ್ಟ್ ೫ರಂದು ಮುಖ್ಯಮಂತ್ರಿ ಸಿದ್ದರಾಮಯ್ಯನವರು ಕಲಬುರಗಿಯಲ್ಲಿ ಯೋಜನೆಗೆ ಚಾಲನೆಯನ್ನಿತ್ತರು.

ಸಹಾಯದ ಹಣವನ್ನು ಕೊಡುವವರು ಯಾರೆಂಬುದನ್ನೂ ಇಲ್ಲಿ ತಿಳಿಯಬೇಕು. ವಿದ್ಯುತ್ತನ್ನು ಹಂಚುವ ಕಂಪನಿಗಳು ಅದನ್ನು ಪುಕ್ಕಟೆಯಾಗಿ ಬಿಡುತ್ತಿಲ್ಲ. ಯಾವುದೇ ವರ್ಗದ ಗ್ರಾಹಕರಿಗೆ ಸರ್ಕಾರವು ರಿಯಾಯಿತಿಯನ್ನು ಕೊಡಬಯಸಿದರೆ ಆ ಮೊಬಲಗನ್ನು ಕಂಪನಿಗೆ ಮುಂಗಡವಾಗಿ ಸಲ್ಲಿಸಬೇಕೆಂದು ೨೦೦೩ನೆಯ ಇಸವಿಯ ವಿದ್ಯುಚ್ಛಕ್ತಿ ಕಾಯಿದೆಯ ೬೫ನೆಯ ಪ್ರಕರಣವು ವಿಧಿಸುತ್ತದೆ. ಅಂದರೆ ಸೊನ್ನೆಯ ಬಿಲ್ಲು ಬಂದ ಮನೆಯ ವಿದ್ಯುತ್ತಿಗೂ ಬೆಲೆಯಿದೆ; ಅದನ್ನು ರಾಜ್ಯದ ಬೊಕ್ಕಸವು ತೆರುತ್ತಿದೆ. ಷರತ್ತುಗಳು ಏಕೆ ಬಂದುವೆಂಬುದು ಇದರಿಂದ ಸ್ಪಷ್ಟವಾಗುತ್ತದೆ.

೨. ಸಹಾಯದ ಅಳತೆ

ಎಲ್ಲಕ್ಕಿಂತ ಮುಖ್ಯವಾಗಿ ತಿಳಿಯಬೇಕಾದ ಸಂಗತಿ ಇದು: ೨೦೦ ಯೂನಿಟ್ಟು ಎಂಬುದು ಎಲ್ಲ ಮನೆಗಳಿಗೂ ಸಮನಾಗಿ ಸಲ್ಲುವ ಪಾಲಲ್ಲ, ಅದು ದಾಟಬಾರದ ಮೇರೆ. ಒಂದು ಮನೆಗೆ ಸಲ್ಲತಕ್ಕ ಉಚಿತ ಯೂನಿಟ್ಟುಗಳು ಆ ಮನೆಯವರೇ ಹಿಂದೆ ಮಾಡಿದ ಬಳಕೆಯಿಂದ ನಿರ್ಣಯವಾಗುತ್ತವೆ.

ಲೆಕ್ಕದ ಕ್ರಮ ಹೀಗೆ. ೨೦೨೨-೨೩ನೆಯ ಆರ್ಥಿಕ ವರ್ಷದಲ್ಲಿ, ಎಂದರೆ ೨೦೨೨ರ ಏಪ್ರಿಲ್‌ನಿಂದ ೨೦೨೩ರ ಮಾರ್ಚಿಯವರೆಗೆ, ಆ ಮೀಟರಿನಲ್ಲಿ ಖರ್ಚಾದ ಯೂನಿಟ್ಟುಗಳ ತಿಂಗಳ ಸರಾಸರಿಯನ್ನು ತೆಗೆಯುವುದು. ಆ ಸರಾಸರಿಗೆ ಅದರ ಹತ್ತನೆಯ ಒಂದು ಪಾಲನ್ನು ಕೂಡಿಸುವುದು. ಬಂದ ಮೊತ್ತವೇ ಆ ಮನೆಯ ಅರ್ಹತೆ. ಅದು ಎಷ್ಟೇ ಆದರೂ ೨೦೦ನ್ನು ಮೀರುವಂತಿಲ್ಲ.

ದೃಷ್ಟಾಂತ: ಒಂದು ಮನೆಯಲ್ಲಿ ಆ ವರ್ಷದ ಒಟ್ಟು ಬಳಕೆ ೮೪೦ ಯೂನಿಟ್ಟು. ಹನ್ನೆರಡರಿಂದ ಭಾಗಿಸಿದರೆ ತಿಂಗಳ ಸರಾಸರಿ ೭೦. ಅದರ ಹತ್ತನೆಯ ಒಂದು ಪಾಲು ೭. ಎರಡನ್ನೂ ಕೂಡಿಸಿದರೆ ಅರ್ಹತೆ ೭೭ ಯೂನಿಟ್ಟು. ಪಕ್ಕದ ಮನೆಯ ಸರಾಸರಿ ೧೫೦ ಆಗಿದ್ದರೆ ಅದರ ಅರ್ಹತೆ ೧೬೫. ಇಬ್ಬರೂ ಒಂದೇ ಬೀದಿಯವರಾಗಿದ್ದರೂ ಇಬ್ಬರ ಪಾಲೂ ಒಂದೇ ಅಲ್ಲ.

ಈ ಕ್ರಮದಿಂದ ಅತಿ ಕಡಮೆ ವಿದ್ಯುತ್ತನ್ನು ಬಳಸುತ್ತಿದ್ದ ಬಡ ಮನೆಗಳಿಗೆ ಒಂದು ತೊಂದರೆಯುಂಟಾಯಿತು. ತಿಂಗಳಿಗೆ ೩೦ ಯೂನಿಟ್ಟು ಬಳಸುತ್ತಿದ್ದ ಮನೆಗೆ ಹೆಚ್ಚುವರಿಯಾಗಿ ಸಿಕ್ಕಿದುದು ೩ ಯೂನಿಟ್ಟು ಮಾತ್ರ. ಒಂದು ಫ್ಯಾನನ್ನು ಹೊಸದಾಗಿ ಕೊಂಡು ತಂದರೂ ಅದು ಸಾಲದು. ಇದನ್ನು ಮನಗಂಡು ೨೦೨೪ನೆಯ ಇಸವಿ ಜನವರಿ ತಿಂಗಳಲ್ಲಿ ಸಚಿವ ಸಂಪುಟವು ನಿಯಮವನ್ನು ತಿದ್ದಿತು. ಸರಾಸರಿ ಬಳಕೆಯು ೪೮ ಯೂನಿಟ್ಟಿಗಿಂತ ಕಡಮೆಯಾಗಿರುವ ಮನೆಗಳಿಗೆ ಹತ್ತನೆಯ ಒಂದು ಪಾಲಿಗೆ ಬದಲಾಗಿ ಪೂರ್ಣ ೧೦ ಯೂನಿಟ್ಟುಗಳನ್ನು ಕೂಡಿಸತಕ್ಕದ್ದೆಂದು ನಿರ್ಣಯವಾಯಿತು. ಇದರಂತೆ ಮೇಲೆ ಹೇಳಿದ ೩೦ ಯೂನಿಟ್ಟಿನ ಮನೆಯ ಅರ್ಹತೆಯು ೩೩ರಿಂದ ೪೦ಕ್ಕೆ ಏರಿತು.

೨೦೨೨-೨೩ರ ಬಳಕೆಯ ಲೆಕ್ಕವೇ ಇಲ್ಲದ ಹೊಸ ಮನೆಗಳ ಗತಿಯೇನೆಂಬ ಪ್ರಶ್ನೆಯು ಸಹಜವಾಗಿ ಹುಟ್ಟುತ್ತದೆ. ಇಂಥ ಮನೆಗಳಿಗೆ ರಾಜ್ಯದ ಗೃಹಬಳಕೆಯ ಸರಾಸರಿಯಾದ ೫೩ ಯೂನಿಟ್ಟನ್ನೇ ಆಧಾರವಾಗಿ ಹಿಡಿದು, ಅದಕ್ಕೆ ಹತ್ತನೆಯ ಒಂದು ಪಾಲನ್ನು ಕೂಡಿಸಿ, ೫೮ ಯೂನಿಟ್ಟುಗಳನ್ನು ಗೊತ್ತುಮಾಡಲಾಯಿತು. ಹೊಸದಾಗಿ ಮನೆ ಕಟ್ಟಿಸಿ ೨೦೦ ಯೂನಿಟ್ಟೂ ಉಚಿತವೆಂದು ನಂಬಿ ಬಳಸಿದವರಿಗೆ ಬಿಲ್ಲು ಬಂದುದರ ಕಾರಣ ಇದೇ.

೩. ಮೂರು ಬಗೆಯ ಬಿಲ್ಲುಗಳು

ನೋಂದಣಿಯಾದ ಮನೆಗೆ ಪ್ರತಿ ತಿಂಗಳೂ ಬರುವ ಬಿಲ್ಲು ಮೂರು ಬಗೆಯಲ್ಲಿ ಯಾವುದಾದರೊಂದಾಗಿರುತ್ತದೆ.

ಒಂದನೆಯದು, ಬಳಕೆಯು ಅರ್ಹತೆಯೊಳಗೇ ಇರುವುದು. ಆಗ ಬಿಲ್ಲಿನ ಮೊತ್ತ ಸೊನ್ನೆ.

ಎರಡನೆಯದು, ಬಳಕೆಯು ಅರ್ಹತೆಯನ್ನು ಮೀರಿದ್ದರೂ ೨೦೦ ಯೂನಿಟ್ಟನ್ನು ಮೀರದಿರುವುದು. ಆಗ ಅರ್ಹತೆಗಿಂತ ಹೆಚ್ಚಾದ ಯೂನಿಟ್ಟುಗಳಿಗೆ ತಗಲುವುದನ್ನು ಮಾತ್ರ ಗ್ರಾಹಕನು ಕೊಡಬೇಕು.

ಮೂರನೆಯದು, ಬಳಕೆಯು ೨೦೦ ಯೂನಿಟ್ಟನ್ನು ಮೀರುವುದು. ಆಗ ಆ ತಿಂಗಳ ಮಟ್ಟಿಗೆ ಸಹಾಯವು ಪೂರ್ತಿಯಾಗಿ ತಪ್ಪಿಹೋಗುತ್ತದೆ. ಮೊದಲನೆಯ ಯೂನಿಟ್ಟಿನಿಂದ ಹಿಡಿದು ಎಲ್ಲಕ್ಕೂ ಹಣ ತೆರಬೇಕು.

ಈ ಮೂರನೆಯ ಬಗೆಯಲ್ಲಿಯೇ ಜನರು ಹೆಚ್ಚಾಗಿ ಎಡವುವುದು. ಇದರ ಪರಿಣಾಮವನ್ನು ಅಂಕಿಗಳಿಂದ ನೋಡಬಹುದು. ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗದವರು ೨೦೨೫-೨೬ನೆಯ ವರ್ಷಕ್ಕೆ ಗೃಹಬಳಕೆಯ ಯೂನಿಟ್ಟಿಗೆ ಗೊತ್ತುಮಾಡಿದ ದರ ೫ ರೂಪಾಯಿ ೮೦ ಪೈಸೆ. ಅರ್ಹತೆಯು ೧೬೫ ಯೂನಿಟ್ಟಾಗಿರುವ ಮನೆಯವರು ಆ ವರ್ಷ ಒಂದು ತಿಂಗಳಲ್ಲಿ ೧೯೯ ಯೂನಿಟ್ಟು ಬಳಸಿದರೆಂದು ಇಟ್ಟುಕೊಳ್ಳುವ. ಹೆಚ್ಚಾದುದು ೩೪ ಯೂನಿಟ್ಟು. ಅದರ ಬೆಲೆ ೧೯೭ ರೂಪಾಯಿ ೨೦ ಪೈಸೆ. ಅದೇ ಮನೆಯವರು ೨೦೧ ಯೂನಿಟ್ಟು ಬಳಸಿದರೆ ಯೂನಿಟ್ಟುಗಳ ಬೆಲೆಯೇ ೧,೧೬೫ ರೂಪಾಯಿ ೮೦ ಪೈಸೆ. ನಿಗದಿತ ಶುಲ್ಕವೂ ತೆರಿಗೆಯೂ ಬೇರೆ. ಕಡೆಯ ಎರಡು ಯೂನಿಟ್ಟುಗಳಿಗಾಗಿ ಆ ಮನೆಯವರು ೯೬೮ ರೂಪಾಯಿ ೬೦ ಪೈಸೆಗಳನ್ನು ಹೆಚ್ಚಾಗಿ ತೆತ್ತಂತಾಯಿತು. ಅಷ್ಟು ಹಣವನ್ನು ಕೊಟ್ಟು ಎರಡು ಯೂನಿಟ್ಟು ಕೊಳ್ಳುವವರು ತಿಳಿದಿದ್ದರೆ ಯಾರೂ ಇರಲಾರರು.

ಆದರೆ ಒಂದು ತಿಂಗಳು ಮೇರೆಯನ್ನು ಮೀರಿದರೆ ಯೋಜನೆಯಿಂದಲೇ ಹೆಸರು ತೆಗೆದುಹಾಕಲ್ಪಡುವುದೆಂಬ ಭೀತಿಗೆ ಕಾರಣವಿಲ್ಲ. ಲೆಕ್ಕವು ತಿಂಗಳು ತಿಂಗಳಿಗೆ ಬೇರೆ. ಮುಂದಿನ ತಿಂಗಳಲ್ಲಿ ಬಳಕೆಯು ಇಳಿದರೆ ಸಹಾಯವು ಮತ್ತೆ ಸಲ್ಲುತ್ತದೆ.

೪. ಯಾರು ಅರ್ಹರು, ಯಾವುದು ಸೇರದು

ಈ ಯೋಜನೆಗೆ ಪಡಿತರ ಚೀಟಿಯ ಬಣ್ಣವು ಮುಖ್ಯವಲ್ಲ. ಬಡತನದ ರೇಖೆಯ ಕೆಳಗಿರುವವರೂ ಮೇಲಿರುವವರೂ ಸಮನಾಗಿ ಅರ್ಹರು. ಜಾತಿ, ಜಮೀನಿನ ವಿಸ್ತೀರ್ಣ ಇವುಗಳನ್ನೂ ನೋಡುವುದಿಲ್ಲ. ನೋಡುವುದು ನಾಲ್ಕು ಸಂಗತಿಗಳನ್ನು.

(ಅ) ಸಂಪರ್ಕವು ಗೃಹಬಳಕೆಯದಾಗಿರಬೇಕು. ಅಂಗಡಿ, ಹಿಟ್ಟಿನ ಗಿರಣಿ, ಕಾರ್ಯಾಗಾರ ಮುಂತಾದ ವ್ಯಾಪಾರದ ಅಥವಾ ಕೈಗಾರಿಕೆಯ ಮೀಟರುಗಳಿಗೆ ಇದು ಸಲ್ಲದು. ಮನೆಯ ಮುಂಭಾಗದಲ್ಲಿ ಅಂಗಡಿಯಿದ್ದು ಅದಕ್ಕೆ ಬೇರೆ ಮೀಟರು ಇದ್ದರೆ ಮನೆಯ ಮೀಟರಿಗೆ ಮಾತ್ರ ಸಹಾಯ.

(ಆ) ಒಬ್ಬ ವ್ಯಕ್ತಿಯ ಆಧಾರ್ ಸಂಖ್ಯೆಗೆ ಒಂದೇ ಮೀಟರು. ಒಬ್ಬನ ಹೆಸರಿನಲ್ಲಿ ಹಲವು ಮೀಟರುಗಳಿದ್ದರೆ ಅವನು ತನಗೆ ಬೇಕಾದ ಒಂದಕ್ಕೆ ಮಾತ್ರ ಸಹಾಯ ಪಡೆಯಬಹುದು.

(ಇ) ಮೀಟರಿನ ಖಾತೆ ಸಂಖ್ಯೆಯನ್ನು ಅರ್ಜಿದಾರನ ಆಧಾರ್ ಸಂಖ್ಯೆಯೊಡನೆ ಜೋಡಿಸಿರಬೇಕು. ಅರ್ಜಿಯಿಲ್ಲದೆ ಸಹಾಯವು ತಾನಾಗಿ ಬರುವುದಿಲ್ಲ.

(ಈ) ಬಾಕಿಯನ್ನು ಉಳಿಸಿಕೊಂಡಿರಬಾರದು. ೨೦೨೩ರ ಜೂನ್ ೩೦ರವರೆಗಿನ ಹಳೆಯ ಬಾಕಿಯನ್ನು ಮೂರು ತಿಂಗಳೊಳಗಾಗಿ ಸಲ್ಲಿಸತಕ್ಕದ್ದೆಂದು ಆರಂಭದಲ್ಲಿಯೇ ವಿಧಿಸಲಾಗಿತ್ತು. ಹೊಸ ಯೋಜನೆಯಿಂದ ಹಳೆಯ ಸಾಲವು ವಜಾ ಆಗಲಿಲ್ಲ. ಹಾಗೆಯೇ ಅರ್ಹತೆಯನ್ನು ಮೀರಿದ ತಿಂಗಳ ಬಿಲ್ಲನ್ನೂ ಕಾಲಕ್ಕೆ ಸರಿಯಾಗಿ ತೀರಿಸಬೇಕು.

ರೈತರು ಇನ್ನೊಂದು ಭೇದವನ್ನು ಗಮನಿಸತಕ್ಕದ್ದು. ೧೦ ಅಶ್ವಶಕ್ತಿಯವರೆಗಿನ ನೀರಾವರಿ ಪಂಪುಸೆಟ್ಟುಗಳಿಗೆ ದೊರೆಯುವ ಉಚಿತ ವಿದ್ಯುತ್ತು ಬೇರೆಯೊಂದು ಏರ್ಪಾಡು, ಗೃಹಜ್ಯೋತಿಯು ಬೇರೆ. ಪಂಪುಸೆಟ್ಟಿನ ಸಹಾಯವನ್ನು ಪಡೆಯುತ್ತಿರುವ ರೈತನು ತನ್ನ ವಾಸದ ಮನೆಗೆ ಗೃಹಜ್ಯೋತಿಯನ್ನು ಪಡೆಯಲು ಅಡ್ಡಿಯಿಲ್ಲ. ಆದರೆ ಪಂಪುಸೆಟ್ಟಿನ ತಂತಿಯಿಂದ ಮನೆಗೆ ದೀಪ ಹೊತ್ತಿಸಿಕೊಳ್ಳುವುದು ಮಾತ್ರ ಎರಡು ನಿಯಮಗಳಿಗೂ ವಿರುದ್ಧವಾದುದು.

೫. ಬಾಡಿಗೆಯ ಮನೆಗಳು: ಶ್ರೀನಗರದ ಮಾದರಿ

ಶ್ರೀನಗರದಂಥ ಬಡಾವಣೆಯಲ್ಲಿ ಸಾಧಾರಣವಾಗಿ ಕಾಣುವ ಮನೆಯ ರಚನೆಯು ಹೀಗಿರುತ್ತದೆ. ಸಣ್ಣ ನಿವೇಶನದಲ್ಲಿ ಎರಡು ಮೂರು ಅಂತಸ್ತುಗಳು. ಕೆಳಗೆ ಮಾಲೀಕನ ವಾಸ. ಮೇಲಿನ ಅಂತಸ್ತುಗಳಲ್ಲಿ ಎರಡೋ ಮೂರೋ ಬಾಡಿಗೆಯ ಸಂಸಾರಗಳು. ಮಹಡಿಯ ಮೆಟ್ಟಿಲ ಕೆಳಗೆ ಸಾಲಾಗಿ ಮೀಟರುಗಳು. ಕಾವೇರಿಯ ನೀರು ನೆಲದ ತೊಟ್ಟಿಗೆ ಬಂದು ಬೀಳುತ್ತದೆ. ಅದನ್ನು ಮೋಟಾರಿನಿಂದ ಮೇಲಿನ ತೊಟ್ಟಿಗೆ ಏರಿಸುತ್ತಾರೆ.

ಇಂಥ ಮನೆಯಲ್ಲಿ ಮೀಟರುಗಳೆಲ್ಲವೂ ಮಾಲೀಕನ ಹೆಸರಿನಲ್ಲಿಯೇ ಇರುತ್ತವೆ. ಹಾಗಾದರೆ ಬಾಡಿಗೆದಾರರಿಗೆ ಸಹಾಯವಿಲ್ಲವೇ? ಇದೆ. ಬಾಡಿಗೆದಾರನು ತಾನು ವಾಸಿಸುವ ಭಾಗದ ಮೀಟರಿನ ಖಾತೆ ಸಂಖ್ಯೆಯನ್ನು ತನ್ನ ಸ್ವಂತ ಆಧಾರ್ ಸಂಖ್ಯೆಗೆ ಜೋಡಿಸಿ ಅರ್ಜಿ ಹಾಕಬಹುದು. ಆ ವಿಳಾಸದಲ್ಲಿ ತಾನು ವಾಸಿಸುತ್ತಿರುವೆನೆಂಬುದಕ್ಕೆ ಬಾಡಿಗೆಯ ಕರಾರುಪತ್ರವನ್ನೋ ಆ ವಿಳಾಸವಿರುವ ಮತದಾರರ ಗುರುತಿನ ಚೀಟಿಯನ್ನೋ ತೋರಿಸಬೇಕು. ಹೀಗೆ ನಾಲ್ಕು ಮೀಟರುಗಳಿರುವ ಮನೆಯಲ್ಲಿ ಮಾಲೀಕನಿಗೆ ಒಂದು, ಮಿಕ್ಕ ಮೂರು ಸಂಸಾರಗಳಿಗೆ ಒಂದೊಂದು, ಒಟ್ಟು ನಾಲ್ಕು ಮೀಟರುಗಳಿಗೂ ಸಹಾಯವು ಸಲ್ಲಬಹುದು.

ಬಾಡಿಗೆದಾರನು ಅರ್ಜಿ ಹಾಕಿದರೆ ಮನೆಯ ಮೇಲಿನ ತಮ್ಮ ಹಕ್ಕಿಗೆ ಊನ ಬಂದೀತೆಂದು ಕೆಲವು ಮಾಲೀಕರು ಶಂಕಿಸಿ ಖಾತೆ ಸಂಖ್ಯೆಯನ್ನು ಕೊಡಲು ಹಿಂಜರಿಯುತ್ತಾರೆ. ಈ ಶಂಕೆಗೆ ಆಧಾರವಿಲ್ಲ. ನೋಂದಣಿಯು ವಿದ್ಯುತ್ತಿನ ಸಹಾಯಕ್ಕಾಗಿ ಮಾಡುವ ಜೋಡಣೆಯೇ ಹೊರತು ಮನೆಯ ಖಾತೆಯ ಬದಲಾವಣೆಯಲ್ಲ. ಮೀಟರು ಮಾಲೀಕನ ಹೆಸರಿನಲ್ಲಿಯೇ ಮುಂದುವರಿಯುತ್ತದೆ. ಊರಿನಲ್ಲಿ ವಾಸಿಸುತ್ತ ಬೆಂಗಳೂರಿನ ಮನೆಯನ್ನು ಬಾಡಿಗೆಗೆ ಕೊಟ್ಟಿರುವ ಭೂಮಾಲೀಕರು ಇದನ್ನು ವಿಶೇಷವಾಗಿ ಗಮನಿಸಬೇಕು. ಅವರ ಸ್ವಂತ ಆಧಾರ್ ಸಂಖ್ಯೆಯು ಊರಿನ ಮನೆಯ ಮೀಟರಿಗೆ ಜೋಡಣೆಯಾಗಿದ್ದರೆ ಬೆಂಗಳೂರಿನ ಮೀಟರಿಗೆ ಅದನ್ನು ಉಪಯೋಗಿಸಲಾಗದು. ಅಲ್ಲಿ ವಾಸಿಸುವವರಿಗೆ ಅವಕಾಶ ಕೊಟ್ಟರೆ ಮಾಲೀಕರಿಗೆ ನಷ್ಟವೇನೂ ಇಲ್ಲ, ಬಾಡಿಗೆದಾರರಿಗೆ ಲಾಭವುಂಟು.

ಮಾಲೀಕರು ಮಾಡಬಾರದ ಒಂದು ಕೆಲಸವೂ ಉಂಟು. ಬಾಡಿಗೆದಾರನ ಮೀಟರಿಗೆ ಸೊನ್ನೆಯ ಬಿಲ್ಲು ಬಂದಿದ್ದರೂ ಹಿಂದಿನ ವಾಡಿಕೆಯಂತೆ ಯೂನಿಟ್ಟಿಗೆ ಇಷ್ಟೆಂದು ಅವನಿಂದ ಹಣ ತೆಗೆದುಕೊಳ್ಳುವುದು ನ್ಯಾಯವಲ್ಲ. ಬೊಕ್ಕಸವು ಒಮ್ಮೆ ತೆತ್ತ ಬೆಲೆಯನ್ನು ಬಡ ಸಂಸಾರದಿಂದ ಎರಡನೆಯ ಸಲ ವಸೂಲುಮಾಡಿದಂತೆ ಅದು ಆಗುತ್ತದೆ. ಬಾಡಿಗೆಗೆ ಇರುವವರು ಪ್ರತಿ ತಿಂಗಳೂ ಬಿಲ್ಲನ್ನು ಕೇಳಿ ನೋಡುವ ಅಭ್ಯಾಸವನ್ನಿಟ್ಟುಕೊಳ್ಳಬೇಕು. ನೀರಿನ ಮೋಟಾರಿಗೂ ಮೆಟ್ಟಿಲ ದೀಪಕ್ಕೂ ಬೇರೆ ಮೀಟರು ಇದ್ದು ಅದರ ವೆಚ್ಚವನ್ನು ಹಂಚಿಕೊಳ್ಳುವುದಾದರೆ ಆ ಲೆಕ್ಕವನ್ನು ಬೇರೆಯಾಗಿಯೇ ತೋರಿಸುವುದು ಉಭಯರಿಗೂ ಕ್ಷೇಮ.

ಎರಡು ಮೂರು ಸಂಸಾರಗಳಿಗೆ ಒಂದೇ ಮೀಟರು ಇರುವ ಮನೆಗಳ ಸ್ಥಿತಿಯು ಕಷ್ಟತರವಾದುದು. ಅಲ್ಲಿ ಎಲ್ಲರ ಬಳಕೆಯೂ ಒಂದೇ ಮೀಟರಿನಲ್ಲಿ ಕೂಡಿ ೨೦೦ನ್ನು ದಾಟುವುದು ಸುಲಭ. ದಾಟಿದರೆ ಯಾರಿಗೂ ಸಹಾಯವಿಲ್ಲ. ಸಂಸಾರಕ್ಕೊಂದರಂತೆ ಪ್ರತ್ಯೇಕ ಮೀಟರನ್ನು ಕಂಪನಿಯಿಂದ ಹಾಕಿಸುವುದೇ ಇದಕ್ಕೆ ಪರಿಹಾರ. ಮಾಲೀಕನು ತಾನೇ ತಂದು ಗೋಡೆಗೆ ಜೋಡಿಸಿದ ಸಣ್ಣ ಮೀಟರಿಗೆ ಕಂಪನಿಯ ಖಾತೆ ಸಂಖ್ಯೆಯಿರುವುದಿಲ್ಲವಾದುದರಿಂದ ಅದರ ಮೇಲೆ ಅರ್ಜಿ ಹಾಕಲು ಬರುವುದಿಲ್ಲ.

೬. ಮನೆ ಬದಲಾಯಿಸುವಾಗ

ಬೆಂಗಳೂರಿನಲ್ಲಿ ಬಾಡಿಗೆಯ ಸಂಸಾರಗಳು ಮನೆಯಿಂದ ಮನೆಗೆ ಹೋಗುತ್ತಲೇ ಇರುತ್ತವೆ. ಹೋದವನ ಆಧಾರ್ ಸಂಖ್ಯೆಯು ಹಳೆಯ ಮನೆಯ ಮೀಟರಿಗೇ ಅಂಟಿಕೊಂಡಿದ್ದರೆ ಅವನಿಗೆ ಹೊಸ ಮನೆಯಲ್ಲಿ ಅರ್ಜಿ ಹಾಕಲು ಬರುವುದಿಲ್ಲ. ಹಳೆಯ ಮನೆಗೆ ಬಂದ ಹೊಸಬನಿಗೂ ತೊಡಕು. ಈ ತೊಂದರೆಯನ್ನು ನಿವಾರಿಸಲು ೨೦೨೪ನೆಯ ಇಸವಿಯಲ್ಲಿ ಹಳೆಯ ಜೋಡಣೆಯನ್ನು ಬಿಡಿಸಿಕೊಳ್ಳುವ ಅನುಕೂಲವನ್ನು ಸೇವಾ ಸಿಂಧುವಿನಲ್ಲಿ ಕಲ್ಪಿಸಲಾಯಿತು. ಮನೆ ಬಿಡುವವನು ಮೊದಲು ಹಳೆಯ ಜೋಡಣೆಯನ್ನು ಬಿಡಿಸಿ, ಅನಂತರ ಹೊಸ ಮನೆಯ ಖಾತೆ ಸಂಖ್ಯೆಗೆ ಅರ್ಜಿ ಹಾಕತಕ್ಕದ್ದು. ಹಳೆಯ ಮನೆಯಲ್ಲಿದ್ದ ಯೂನಿಟ್ಟುಗಳ ಪಾಲು ತನ್ನೊಡನೆ ಬರುವುದೆಂದು ನಂಬಿಕೊಳ್ಳದೆ, ಹೊಸ ಮನೆಯ ಬಿಲ್ಲಿನಲ್ಲಿ ಅರ್ಹತೆ ಎಷ್ಟೆಂದು ನಮೂದಾಗಿದೆಯೋ ಅದನ್ನು ಮೊದಲ ತಿಂಗಳಲ್ಲಿಯೇ ನೋಡಿಕೊಳ್ಳಬೇಕು.

ಬಾಡಿಗೆಯ ಕರಾರು ಮುಗಿಯುವಾಗ ಮಾಲೀಕನು ಬೀಗದ ಕೈಯನ್ನು ಹಿಂದಕ್ಕೆ ಪಡೆಯುವಂತೆಯೇ ಈ ಬಿಡುಗಡೆಯೂ ಆಗಿದೆಯೇ ಎಂದು ವಿಚಾರಿಸಿಕೊಳ್ಳುವುದು ಒಳ್ಳೆಯ ಪದ್ಧತಿ.

೭. ಅರ್ಜಿಯ ಕ್ರಮ

ಅರ್ಜಿಯನ್ನು ಸರ್ಕಾರದ ಸೇವಾ ಸಿಂಧು ಜಾಲತಾಣದ ಮೂಲಕ ಸಲ್ಲಿಸಬೇಕು. ಸ್ವಂತವಾಗಿ ಮಾಡಲು ತಿಳಿಯದವರು ಗ್ರಾಮಗಳಲ್ಲಿ ಗ್ರಾಮ ಒನ್ ಕೇಂದ್ರಕ್ಕೂ, ಬೆಂಗಳೂರಿನಲ್ಲಿ ಬೆಂಗಳೂರು ಒನ್ ಕೇಂದ್ರಕ್ಕೂ, ಮಿಕ್ಕ ಪಟ್ಟಣಗಳಲ್ಲಿ ಕರ್ನಾಟಕ ಒನ್ ಕೇಂದ್ರಕ್ಕೂ ಹೋಗಬಹುದು. ತೆಗೆದುಕೊಂಡು ಹೋಗಬೇಕಾದುವು ಇಷ್ಟೇ: ಆಧಾರ್ ಚೀಟಿ, ಇತ್ತೀಚಿನ ವಿದ್ಯುತ್ ಬಿಲ್ಲು, ಗುಪ್ತ ಸಂಖ್ಯೆಯು ಬರುವಂಥ ಮೊಬೈಲು, ಬಾಡಿಗೆದಾರರಾದರೆ ಮೇಲೆ ಹೇಳಿದ ವಾಸದ ಪುರಾವೆ. ಅರ್ಜಿಗೆ ಕೊನೆಯ ದಿನವೆಂದು ಆರಂಭದಲ್ಲಿ ಯಾವುದನ್ನೂ ಗೊತ್ತುಮಾಡಿರಲಿಲ್ಲ. ಆದರೆ ನೋಂದಣಿಗೆ ಮುಂಚಿನ ತಿಂಗಳುಗಳ ಹಣವು ಹಿಂದಕ್ಕೆ ಬರಲಾರದಾದುದರಿಂದ ತಡಮಾಡಿದಷ್ಟೂ ನಷ್ಟ.

ಬೆಂಗಳೂರು ನಗರ, ಬೆಂಗಳೂರು ಗ್ರಾಮಾಂತರ, ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು, ಚಿತ್ರದುರ್ಗ, ದಾವಣಗೆರೆ ಮುಂತಾದ ಜಿಲ್ಲೆಗಳಿಗೆ ಬೆಸ್ಕಾಂ ಎಂಬ ಬೆಂಗಳೂರು ವಿದ್ಯುತ್ ಸರಬರಾಜು ಕಂಪನಿಯೂ, ರಾಜ್ಯದ ಇತರ ಭಾಗಗಳಿಗೆ ಮಂಗಳೂರು, ಹುಬ್ಬಳ್ಳಿ, ಕಲಬುರಗಿ, ಮೈಸೂರುಗಳಲ್ಲಿ ಕೇಂದ್ರವನ್ನುಳ್ಳ ಕಂಪನಿಗಳೂ ವಿದ್ಯುತ್ತನ್ನು ಹಂಚುತ್ತವೆ. ನಿಯಮಗಳು ಎಲ್ಲೆಲ್ಲಿಯೂ ಒಂದೇ. ಸಂದೇಹವಿದ್ದವರು ೧೯೧೨ ಎಂಬ ಸಂಖ್ಯೆಗೆ ಕರೆಮಾಡಿ ಕೇಳಬಹುದು. ಇಲ್ಲವೇ ಸಮೀಪದ ವಿದ್ಯುತ್ ಕಚೇರಿಯಲ್ಲಿ ವಿಚಾರಿಸಬಹುದು.

ಗ್ರಾಮಗಳಲ್ಲಿ ಬಹು ಮನೆಗಳ ಮೀಟರುಗಳು ಇನ್ನೂ ತೀರಿಹೋದ ಹಿರಿಯರ ಹೆಸರಿನಲ್ಲಿಯೇ ಇವೆ. ಅಂಥವರು ಮರಣಪತ್ರ, ವಂಶವೃಕ್ಷ, ಮನೆಯ ಖಾತೆ ಇವುಗಳೊಡನೆ ವಿದ್ಯುತ್ ಕಚೇರಿಗೆ ಹೋಗಿ ಹೆಸರನ್ನು ಬದಲಾಯಿಸಿಕೊಳ್ಳುವುದು ಮೇಲು. ಈ ಸಹಾಯಕ್ಕಲ್ಲದೆ ಮುಂದೆ ಬರುವ ಬೇರೆ ವ್ಯವಹಾರಗಳಿಗೂ ಅದು ಬೇಕಾಗುತ್ತದೆ.

೮. ಮೇರೆಯೊಳಗೆ ಇರುವ ಬಗೆ

ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂಬ ಗಾದೆಯು ಇಲ್ಲಿ ಅಕ್ಷರಶಃ ಸಲ್ಲುತ್ತದೆ. ಒಂದು ಸಾವಿರ ವ್ಯಾಟಿನ ಸಾಮಗ್ರಿಯು ಒಂದು ಗಂಟೆ ನಡೆದರೆ ಒಂದು ಯೂನಿಟ್ಟು ಖರ್ಚಾಗುತ್ತದೆ. ಈ ಒಂದು ಸೂತ್ರವನ್ನು ನೆನಪಿನಲ್ಲಿಟ್ಟರೆ ಯಾರೂ ತಮ್ಮ ಮನೆಯ ಲೆಕ್ಕವನ್ನು ತಾವೇ ಹಾಕಿಕೊಳ್ಳಬಹುದು.

೬೦ ವ್ಯಾಟಿನ ಹಳೆಯ ಬುರುಡೆ ದೀಪವು ದಿನಕ್ಕೆ ೫ ಗಂಟೆ ಉರಿದರೆ ತಿಂಗಳಿಗೆ ೯ ಯೂನಿಟ್ಟು. ಅಷ್ಟೇ ಬೆಳಕು ಕೊಡುವ ೯ ವ್ಯಾಟಿನ ಎಲ್‌ಇಡಿ ದೀಪಕ್ಕೆ ಒಂದೂವರೆ ಯೂನಿಟ್ಟಿಗಿಂತಲೂ ಕಡಮೆ. ೭೫ ವ್ಯಾಟಿನ ಫ್ಯಾನು ದಿನಕ್ಕೆ ೧೦ ಗಂಟೆ ತಿರುಗಿದರೆ ತಿಂಗಳಿಗೆ ೨೨ರ ಮೇಲೆ ಅರ್ಧ ಯೂನಿಟ್ಟು. ಒಂದು ಅಶ್ವಶಕ್ತಿಯ ನೀರಿನ ಮೋಟಾರನ್ನು ದಿನಕ್ಕೆ ಒಂದು ಗಂಟೆ ನಡೆಸಿದರೂ ೨೨ ಯೂನಿಟ್ಟಿಗೆ ಕಡಮೆಯಾಗದು. ೨,೦೦೦ ವ್ಯಾಟಿನ ನೀರು ಕಾಯಿಸುವ ಗೀಸರು ದಿನಕ್ಕೆ ಅರ್ಧ ಗಂಟೆ ನಡೆದರೆ ೩೦ ಯೂನಿಟ್ಟು. ಮನೆ ಮಂದಿಯೆಲ್ಲ ಒಬ್ಬರಾದ ಮೇಲೊಬ್ಬರು ಸ್ನಾನಮಾಡಿ ಅದು ಒಂದೂವರೆ ಗಂಟೆ ನಡೆದರೆ ೯೦ ಯೂನಿಟ್ಟು. ಅನೇಕ ಮನೆಗಳಲ್ಲಿ ಅರ್ಹತೆಯನ್ನು ನುಂಗಿಬಿಡುವುದು ಗೀಸರೇ. ಸೂರ್ಯನ ಶಾಖದಿಂದ ನೀರು ಕಾಯಿಸುವ ಯಂತ್ರವಿದ್ದಲ್ಲಿಯೂ ಹಂಡೆಯ ಒಲೆಯಿರುವ ಹಳ್ಳಿಯ ಮನೆಗಳಲ್ಲಿಯೂ ಈ ಖರ್ಚು ಉಳಿಯುತ್ತದೆ.

ತಿಂಗಳ ನಡುವೆ ಒಮ್ಮೆ ಮೀಟರನ್ನು ನೋಡುವುದು ಉತ್ತಮವಾದ ಉಪಾಯ. ಹಿಂದಿನ ಬಿಲ್ಲಿನಲ್ಲಿ ನಮೂದಾದ ಕಡೆಯ ಅಂಕಿಯನ್ನು ಈಗ ಮೀಟರಿನಲ್ಲಿ ಕಾಣುವ ಅಂಕಿಯಿಂದ ಕಳೆದರೆ ಅಲ್ಲಿಯವರೆಗೆ ಬಳಸಿದ ಯೂನಿಟ್ಟುಗಳು ತಿಳಿಯುತ್ತವೆ. ದಿನಕ್ಕೆ ಆರೂವರೆ ಯೂನಿಟ್ಟಿನೊಳಗೆ ಬಳಕೆಯಿದ್ದರೆ ಮೂವತ್ತು ದಿನಗಳಲ್ಲಿ ೧೯೫ ಆಗುತ್ತದೆ, ಮೇರೆಯೊಳಗೆ ಉಳಿಯಬಹುದು. ಹದಿನೈದನೆಯ ದಿನಕ್ಕೇ ನೂರು ದಾಟಿದ್ದರೆ ಉಳಿದ ದಿನಗಳಲ್ಲಿ ಕೈ ಬಿಗಿಹಿಡಿಯಬೇಕೆಂದು ಅರ್ಥ.

೯. ನೆರೆಯ ರಾಜ್ಯಗಳಲ್ಲಿ

ಇಂಥ ಸಹಾಯವು ಬೇರೆ ಕಡೆಗಳಲ್ಲಿಯೂ ಬೇರೆ ಬೇರೆ ಅಳತೆಯಲ್ಲಿ ಬಂದಿದೆ. ತಮಿಳುನಾಡಿನಲ್ಲಿ ೨೦೧೬ರಲ್ಲಿ ಎರಡು ತಿಂಗಳ ಬಿಲ್ಲಿನಲ್ಲಿ ಮೊದಲ ೧೦೦ ಯೂನಿಟ್ಟುಗಳನ್ನು ಎಲ್ಲ ಮನೆಗಳಿಗೂ ಉಚಿತವಾಗಿ ಮಾಡಿದರು. ಹೊಸೂರಿನ ಕಡೆಯ ಕನ್ನಡಿಗರಿಗೆ ಆ ಕ್ರಮವು ಪರಿಚಿತವಾದುದು. ದೆಹಲಿಯಲ್ಲಿ ೨೦೧೯ರಲ್ಲಿ ತಿಂಗಳಿಗೆ ೨೦೦ ಯೂನಿಟ್ಟಿನವರೆಗೆ ಉಚಿತವಾಯಿತು. ತೆಲಂಗಾಣದಲ್ಲಿ ೨೦೨೪ರಲ್ಲಿ ಅದೇ ೨೦೦ ಯೂನಿಟ್ಟಿನ ಮಿತಿಯನ್ನಿಟ್ಟು, ಬಿಳಿಯ ಪಡಿತರ ಚೀಟಿಯುಳ್ಳ ಕುಟುಂಬಗಳಿಗೆ ಮಾತ್ರ ಸಹಾಯವನ್ನು ಕೊಟ್ಟರು. ಒಂದೆಡೆ ಕುಟುಂಬದ ಬಡತನವನ್ನು ನೋಡಿದರೆ, ಕರ್ನಾಟಕದಲ್ಲಿ ಆ ಮನೆಯ ಹಿಂದಿನ ಬಳಕೆಯನ್ನು ನೋಡಿದರು. ಇದರಿಂದ ಒಬ್ಬೊಬ್ಬರಿಗೂ ಬೇರೆ ಬೇರೆ ಅಂಕಿ ಬರುವುದು ಅನಿವಾರ್ಯ. ಗಡಿಯಾಚೆಯ ಬಂಧುಗಳ ಮಾತನ್ನು ಕೇಳಿ ಇಲ್ಲಿಯ ನಿಯಮವೂ ಹಾಗೆಯೇ ಇರುವುದೆಂದು ಎಣಿಸಬಾರದು.

೧೦. ಗ್ರಾಮಮುಖಂಡರು ಮಾಡಬಹುದಾದುದು

ವಿದ್ಯಾವಂತನಾದ ಗೃಹಸ್ಥನು ಇಂಥ ಸಹಾಯವನ್ನು ತಾನೇ ಹುಡುಕಿಕೊಂಡು ಹೋಗುತ್ತಾನೆ. ಒಂಟಿಯಾಗಿರುವ ವಿಧವೆಯರು, ವೃದ್ಧರು, ಓದುಬರಹ ಬಾರದ ಕೂಲಿಗಾರರು, ಬಿಲ್ಲು ಬಂದರೂ ಅದರಲ್ಲಿ ಏನಿದೆಯೆಂದು ತಿಳಿಯದವರು ಹಿಂದೆ ಬೀಳುತ್ತಾರೆ. ತಿಂಗಳಿಗೆ ಮೂವತ್ತು ನಲವತ್ತು ಯೂನಿಟ್ಟು ಬಳಸುವ ಇಂಥ ಮನೆಗಳಿಗೇ ಸೊನ್ನೆಯ ಬಿಲ್ಲು ಸುಲಭವಾಗಿ ಸಲ್ಲುವುದು. ಅವರಿಗೇ ಅದರ ಅವಶ್ಯಕತೆಯೂ ಹೆಚ್ಚು.

ಆದುದರಿಂದ ಗ್ರಾಮದ ಮುಖಂಡರು ಒಂದು ದಿನವನ್ನು ಗೊತ್ತುಮಾಡಿ ಮನೆಮನೆಯ ಬಿಲ್ಲುಗಳನ್ನು ತರಿಸಿ ನೋಡಿದರೆ ಬಹಳ ಉಪಕಾರವಾಗುತ್ತದೆ. ನೋಡಬೇಕಾದುವು ನಾಲ್ಕು: ಮೀಟರು ಯೋಜನೆಗೆ ನೋಂದಣಿಯಾಗಿದೆಯೇ, ಬಿಲ್ಲಿನಲ್ಲಿ ಅರ್ಹತೆಯ ಯೂನಿಟ್ಟು ಎಷ್ಟು, ಸರಾಸರಿಯು ೪೮ಕ್ಕಿಂತ ಕಡಮೆಯಿದ್ದರೆ ಹತ್ತು ಯೂನಿಟ್ಟು ಕೂಡಿಸಲ್ಪಟ್ಟಿದೆಯೇ, ಬಾಕಿ ಏನಾದರೂ ಉಳಿದಿದೆಯೇ. ಲೋಪವಿರುವವರನ್ನು ಗ್ರಾಮ ಒನ್ ಕೇಂದ್ರಕ್ಕೋ ವಿದ್ಯುತ್ ಕಚೇರಿಗೋ ಯಾರಾದರೂ ಜೊತೆಯಾಗಿ ಕರೆದೊಯ್ಯತಕ್ಕದ್ದು. ಬೆಂಗಳೂರಿನಲ್ಲಿ ಮನೆಯುಳ್ಳ ಭೂಮಾಲೀಕರು ತಮ್ಮ ಬಾಡಿಗೆದಾರರಿಗೆ ಖಾತೆ ಸಂಖ್ಯೆಯನ್ನೂ ಕರಾರುಪತ್ರವನ್ನೂ ಕೊಟ್ಟ ಬಳಿಕ, ಅಲ್ಲಿ ಓದುತ್ತಲೋ ದುಡಿಯುತ್ತಲೋ ಇರುವ ತಮ್ಮ ಊರಿನ ಮಕ್ಕಳಿಗೂ ಇದನ್ನು ತಿಳಿಸಬೇಕು. ಒಂದು ಕೋಣೆಯಲ್ಲಿ ನಾಲ್ವರು ಕೂಡಿ ಇದ್ದರೂ ಮೀಟರು ಒಂದೇ ಆದುದರಿಂದ ಅವರಲ್ಲಿ ಒಬ್ಬನು ಅರ್ಜಿ ಹಾಕಿದರೆ ಸಾಕು.

ಕಡೆಯದಾಗಿ, ಸರ್ಕಾರದ ನಿಯಮಗಳೂ ದರಗಳೂ ಕಾಲಕಾಲಕ್ಕೆ ತಿದ್ದುಪಡಿಯಾಗುತ್ತವೆ. ೨೦೨೪ರಲ್ಲಿ ಆದ ಎರಡು ಮಾರ್ಪಾಡುಗಳೇ ಅದಕ್ಕೆ ನಿದರ್ಶನ. ಪ್ರತಿ ವರ್ಷ ಏಪ್ರಿಲ್ ತಿಂಗಳಲ್ಲಿ ಹೊಸ ಬಿಲ್ಲು ಬಂದಾಗ ದರವನ್ನೂ ಅರ್ಹತೆಯನ್ನೂ ಒಮ್ಮೆ ಓದಿ ನೋಡುವುದು ಪ್ರತಿಯೊಬ್ಬ ಗೃಹಸ್ಥನ ಕರ್ತವ್ಯ. ಕಂದಾಯದ ರಸೀದಿಯನ್ನು ಜೋಪಾನವಾಗಿ ಇಟ್ಟುಕೊಳ್ಳುವಂತೆ ವಿದ್ಯುತ್ತಿನ ಬಿಲ್ಲನ್ನೂ ಒಂದು ಕಡತದಲ್ಲಿ ಇಟ್ಟುಕೊಂಡರೆ, ತನಗೆ ಸಲ್ಲತಕ್ಕದ್ದು ಸಂದಿದೆಯೇ ಇಲ್ಲವೇ ಎಂಬುದನ್ನು ಯಾರನ್ನೂ ಕೇಳದೆ ತಾನೇ ತಿಳಿಯಬಹುದು.